ಭಟ್ಟಿಯ ಹೊಸ ಹಲಗೆ

ಮನೆಯೊಳಗೆ ಜಗಳ ಹುಟ್ಟಲು ಆಸ್ತಿಯೇ ಬೇಕು, ಬಂಗಾರವೇ ಬೇಕು ಎಂದೇನಿಲ್ಲ. ಅಘನಾಶಿನಿಯ ಲಿಂಗಪ್ಪನ ಮನೆಗೆ ಒಂದು ಮರದ ಹಲಗೆ ಸಾಕಾಯಿತು. ಹಲಗೆಯೆಂದರೆ ಕೂರುವ ಮಣೆಯಲ್ಲ, ಮೀನು ಕೊಯ್ಯುವ ಹಲಗೆಯೂ ಅಲ್ಲ. ಬೇಕರಿಯ ಭಟ್ಟಿಯೊಳಗೆ ಪಾವು ತುಂಬಿದ ತಗಡನ್ನು ತಳ್ಳಿ, ಬೆಂದ ಮೇಲೆ ಎಳೆದು ತೆಗೆಯುವ ಉದ್ದ ಹಿಡಿಕೆಯ ಹಲಗೆ. ಅದನ್ನು ಕೊಳ್ಳಬೇಕೋ ಬೇಡವೋ ಎಂಬ ಒಂದೇ ಮಾತಿಗೆ ಆ ಮನೆಯಲ್ಲಿ ಹದಿನೈದು ದಿನ ಯಾರೂ ನೆಟ್ಟಗೆ ಒಂದು ತುತ್ತು ಉಣ್ಣಲಿಲ್ಲ.

ಇದು 2003ರ ನವೆಂಬರ್ ತಿಂಗಳ ಮಾತು. ಲಿಂಗಪ್ಪ ಹರೆಯದಲ್ಲಿ ಬೊಂಬಾಯಿಯ ಬೇಕರಿಯೊಂದರಲ್ಲಿ ದುಡಿದು, ಕೆಲಸ ಕಲಿತು, ಊರಿಗೆ ಮರಳಿ ತಾರಿ ಕಟ್ಟೆಯ ಪಕ್ಕದಲ್ಲೇ ಭಟ್ಟಿ ಕಟ್ಟಿಸಿದವನು. ತದಡಿಗೆ ಹೋಗುವ ದೋಣಿ ಅಲ್ಲಿಂದಲೇ ಬಿಡುವುದರಿಂದ ಗಿರಾಕಿಗೆ ಬರವಿರಲಿಲ್ಲ. ಆಗ ಭಟ್ಟಿಗೆ ಹಲಗೆ ಬೇಕಾದಾಗ ಅವನು ಪೇಟೆಗೆ ಹೋಗಲಿಲ್ಲ. ಅಪ್ಪನ ಮುರುಕು ದೋಣಿಯ ಹುಟ್ಟನ್ನೇ ಎತ್ತಿಕೊಂಡು, ಅದರ ತುದಿಗೆ ಒಂದು ದಪ್ಪ ಹಲಗೆ ಕೂಡಿಸಿ, ಮೊಳೆ ಹೊಡೆದ. ಹಾಗಾಗಿ ಮನೆಯವರೆಲ್ಲ ಅದನ್ನು ಹುಟ್ಟು ಎಂದೇ ಕರೆಯುತ್ತಿದ್ದರು. ಒಂಬತ್ತು ಅಡಿ ಉದ್ದ, ತುಂಬಿದ ಕೊಡದಷ್ಟು ಭಾರ. ಅದನ್ನು ಲಿಂಗಪ್ಪ ಮೂವತ್ತು ವರ್ಷ ತಿರುವಿದ. ಅವನಿಗೆ ಹಿಟ್ಟಿನ ಧೂಳು ಕುಡಿದು ಕುಡಿದು ದಮ್ಮು ಹತ್ತಿದ ಮೇಲೆ ಮಗ ನರೇಶ ತಿರುವಿದ.

ಆ ನರೇಶ ಚೌತಿ ಕಳೆದು ವಾರಕ್ಕೆ ಮೈದಾ ಚೀಲ ಹೊತ್ತುಕೊಂಡು ತಾರಿ ಕಟ್ಟೆಯ ಪಾಚಿ ಮೆಟ್ಟಿಲಲ್ಲಿ ಜಾರಿಬಿದ್ದ. ಬಲಭುಜದ ಕೀಲು ತಪ್ಪಿತು. ಕೂಡಿಸಿದ ಡಾಕ್ಟರು, ಈ ಕೈಯಲ್ಲಿ ಇನ್ನು ಭಾರದ ಕೆಲಸ ಕನಸಿನಲ್ಲೂ ಬೇಡ ಎಂದರು. ಕೂಲಿಗೆ ಬಂದ ಕುಪ್ಪ ದೀಪಾವಳಿವರೆಗೆ ಇದ್ದು, ಗೋವೆಯ ಟ್ರಾಲರಿನಲ್ಲಿ ಹೆಚ್ಚು ಸಿಗುತ್ತದೆಂದು ಹೋದ. ಈಗ ಮತ್ತೆ ಲಿಂಗಪ್ಪನೇ ಭಟ್ಟಿ ಮುಂದೆ. ನಾಲ್ಕು ತಗಡು ಹಾಕಿ ಒಂದು ಗಳಿಗೆ ಕೂತು ಉಸಿರು ಎಳೆಯುವುದು, ಮತ್ತೆ ನಾಲ್ಕು. ದಿನಕ್ಕೆ ನಲವತ್ತು ತಗಡು ಬೇಯುತ್ತಿದ್ದ ಭಟ್ಟಿಯಲ್ಲಿ ಹದಿನೈದು ಬೆಂದರೆ ಹೆಚ್ಚು.

ಇದನ್ನೆಲ್ಲ ನೋಡಿ ನೋಡಿ ಸಂಕಟಪಡುತ್ತಿದ್ದವಳು ಚಂದನಾ. ಮಾವಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಹಿಟ್ಟು ನಾದುವುದು, ಉಂಡೆ ಕಟ್ಟುವುದು, ತಗಡಿಗೆ ಎಣ್ಣೆ ಸವರುವುದು ಎಲ್ಲ ಅವಳದೇ. ಹಿಟ್ಟು ಹುದುಗು ಬಂದದ್ದನ್ನು ಬೆರಳಲ್ಲಿ ಒತ್ತಿ ಹೇಳುವುದರಲ್ಲಿ ಮಾವನಿಗಿಂತ ಮೇಲು. ಆದರೆ ಭಟ್ಟಿ ಬಾಯಿಗೆ ಮಾತ್ರ ಅವಳು ಹೋಗುವಂತಿರಲಿಲ್ಲ. ಬೇಡ ಎಂದು ಯಾರೂ ಹೇಳಿದ್ದಿಲ್ಲ, ಹುಟ್ಟೇ ಹೇಳುತ್ತಿತ್ತು. ಒಮ್ಮೆ ಮಾವ ಕೆಮ್ಮುತ್ತ ಕೂತಾಗ ಅವಳೇ ಎತ್ತಲು ಹೋಗಿ, ತುದಿಯ ಭಾರ ತಡೆಯಲಾರದೆ ಒಂದು ತಗಡು ಪಾವನ್ನು ಕೆಂಡಕ್ಕೆ ಸುರಿದಿದ್ದಳು. ಅದನ್ನು ಅತ್ತೆ ತಿಮ್ಮಿ ಅಂಗಡಿಗೆ ಬಂದ ಗಿರಾಕಿಗೆಲ್ಲ ಹೇಳಿದ್ದೂ ಆಗಿತ್ತು.

ಇಂಥ ಹೊತ್ತಿಗೆ ಬಂದವನು ಭಾಸ್ಕರ. ಭಟ್ಕಳದಿಂದ ಕುಮಟೆವರೆಗಿನ ಬೇಕರಿಗಳಿಗೆಲ್ಲ ಈಸ್ಟು, ಎಸೆನ್ಸು, ತಗಡು ಮಾರುವ ಏಜಂಟ. ಈ ಸಲ ಅವನ ವ್ಯಾನಿನಲ್ಲಿ ಎರಡು ಸುದ್ದಿ ಇದ್ದವು. ಒಂದು, ಹೊನ್ನಾವರದ ಬೇಕರಿಯವರೊಬ್ಬರು ಈ ಭಟ್ಟಿಯನ್ನು ಐದು ವರ್ಷಕ್ಕೆ ಬಾಡಿಗೆಗೆ ಕೇಳುತ್ತಿದ್ದಾರೆ, ನರೇಶನಿಗೆ ತಮ್ಮ ಅಂಗಡಿಯ ಗಲ್ಲೆಯಲ್ಲಿ ಕೆಲಸವನ್ನೂ ಕೊಡುತ್ತಾರೆ. ಇನ್ನೊಂದು, ಗೋವೆಯ ಹೊಟೆಲುಗಳಿಗೆ ಬರುವ ಹಲಗೆ. ಪಿಜ್ಜಾಕ್ಕೂ ಆಗುತ್ತದೆ, ಬ್ರೆಡ್ಡಿಗೂ ಆಗುತ್ತದೆ. ಅಗಲವಾದ ಹಗುರ ಮರ, ತುದಿ ವೀಳ್ಯದೆಲೆಯಷ್ಟು ತೆಳು.

"ಎತ್ತಿ ನೋಡಿ ಅಕ್ಕ," ಎಂದು ಅವನು ಚಂದನಾಳ ಕೈಗೇ ಕೊಟ್ಟ.

ಅವಳು ಎತ್ತಿದಳು. ಒಂದೇ ಕೈಯಲ್ಲಿ ಮೇಲೆ ಬಂತು. ಅವಳಿಗೆ ನಂಬಿಕೆಯೇ ಆಗಲಿಲ್ಲ.

"ಎಷ್ಟು ಇದ್ಕೆ?"

"ಸಾವಿರದ ಒಂಬೈನೂರು."

"ಅಯ್ಯಪ್ಪ! ಇದು ಮರವೋ ಗಂಧವೋ?" ಎಂದಳು ಬಾಗಿಲಲ್ಲಿ ನಿಂತ ತಿಮ್ಮಿ.

"ಈಗ ದುಡ್ಡು ಬೇಡ ಅಮ್ಮ. ಹದಿನೈದು ದಿನ ಇಟ್ಕಳಿ, ನೋಡಿ. ಬೇಡ ಅಂದ್ರೆ ಹೆಂಗಿತ್ತೋ ಹಂಗೇ ವಾಪಸ್ ಕೊಡಿ. ಬಾಡಿಗೆ ಮಾತಿಗೂ ಅವತ್ತೇ ಉತ್ತರ ಹೇಳಿ."

ಯಾರೂ ಬಾಯಿ ಬಿಡುವ ಮೊದಲೇ ಚಂದನಾ, "ಇಟ್ಟು ಹೋಗಿ," ಎಂದುಬಿಟ್ಟಳು. 

ಅವತ್ತಿನ ಊಟ ಕೇಳಬೇಕೇ? ಕುಚ್ಚಲಕ್ಕಿ ಅನ್ನ, ಬಳಚು ಚಿಪ್ಪಿನ ಸುಕ್ಕ, ಅದರ ಜೊತೆಗೆ ಮಾತು.

"ಭಟ್ಟಿ ಕೊಡೂದು ಅಂತ ನಾನು ಮನಸು ಮಾಡಿದ್ದೆ," ಎಂದ ನರೇಶ, ಎಡಗೈಯಲ್ಲಿ ಚಮಚ ಹಿಡಿದು. "ಈ ಹಲಗೆ ಎಂತಕ್ಕೆ ಈಗ?"

"ಮಾಬ್ಲೇಶ್ವರಣ್ಣ ಅವತ್ತು ಹೇಳಿ ಹೋಗ್ಲಿಲ್ವ?" ಎಂದಳು ಚಂದನಾ. ಮಾಬ್ಲೇಶ್ವರ ಗೋಕರ್ಣದ ಕಡಲ ದಂಡೆಯಲ್ಲಿ ತೆಂಗಿನ ಮಡ್ಲಿನ ಚಪ್ಪರದ ಹೊಟೆಲು ಇಟ್ಟವನು. "ಅವನ ಹೊಟೆಲಿಗೆ ಬರೋ ಫಾರಿನ್ನವರಿಗೆ ಪಿಜ್ಜಾದ ರೊಟ್ಟಿ, ಉಂಡೆ ಬ್ರೆಡ್ಡು ಬೇಕಂತೆ. ಗೋವೆಯಿಂದ ತರ್ಸ್ತಾನೆ, ಬರೂದ್ರೊಳಗೆ ಕಲ್ಲಾಗಿರ್ತದೆ. ನಮ್ಮಲ್ಲಿ ಮಾಡಿದ್ರೆ ತಾರಿ ದಾಟಿದ್ರೆ ಆತು. ಅದನ್ನ ತಗಡಲ್ಲಿ ಇಡೂದಲ್ಲ, ಭಟ್ಟಿ ನೆಲಕ್ಕೇ ಜಾರಿಸೂದು. ನಮ್ಮ ಹುಟ್ಟಿನ ತುದಿ ಹೆಬ್ಬೆರಳು ದಪ್ಪ, ಅದ್ರ ಅಡಿಗೆ ಹೋಗೂದೇ ಇಲ್ಲ."

"ನಮ್ಮ ಅಪ್ಪನ ದೋಣಿ ಹುಟ್ಟು ಅದು," ಎಂದ ಲಿಂಗಪ್ಪ. "ಮೂವತ್ತು ವರ್ಷ ಇಡೀ ಊರಿಗೆ ಪಾವು ತಿನ್ಸಿದೆ. ಈ ಹೊಟೆಲಿನವರ ಆಟಿಗೆ ಸಾಮಾನು ಒಂದು ಮಳೆಗಾಲ ತಡೀತದ?"

"ಹುಟ್ಟು ಇರ್ಲಿ ಮಾವ. ಅದನ್ನ ತಿರುವೂಕೆ ಯಾರು ಇದ್ರು? ನೀವು ಹತ್ತು ಸಲ ಕೂತು ಎದ್ದು ಮಾಡ್ತ್ರಿ. ಇವ್ರ ಕೈ ಹಿಂಗೆ. ಇದಾದ್ರೆ ನಾ ಮಾಡ್ತೆ."

ಸುತ್ತ ಕೂತವರ ಕೈ ತಟ್ಟೆಯಲ್ಲೇ ನಿಂತವು. ಏಳು ವರ್ಷದ ಮಗಳು ದಿವ್ಯಶ್ರೀ ಮಾತ್ರ ಬಳಚು ಹೆಕ್ಕುತ್ತ, "ಆಯಿ ಭಟ್ಟಿ ಹಾಕಿದ್ರೆ ನಂಗೆ ದಿನಾ ಪಿಜ್ಜಾ," ಎಂದಳು.

"ಹೌದು, ನಿನ್ನ ಆಯಿ ಅಲ್ಲಿ ನಿಂತ್ರೆ ಅಡುಗೆ ಒಲೆ ಮುಂದೆ ಯಾರು ನಿಲ್ತ್ರು? ಮೀನು ಯಾರು ಕೊಯ್ತ್ರು? ನೀರು ಯಾರು ಸೇದ್ತ್ರು?" ಎಂದು ತಿಮ್ಮಿ ಮೊಮ್ಮಗಳಿಗೆ ಹೇಳುವಂತೆ ಸೊಸೆಗೆ ಹೇಳಿದಳು. "ನಂಗೆ ಮಂಡಿ ನೋವು. ಅಂಗಡಿಲಿ ಕೂರೂದು, ಮನೆ ನೋಡೂದು ಎರಡೂ ಆಗೂದಿಲ್ಲ. ಮೊದ್ಲೇ ಹೇಳ್ತೆ."

ತಿಮ್ಮಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಚಂದನಾಗೆ ಹೆಚ್ಚು ಸಿಟ್ಟು ತರಿಸಿತು.

ಮರುದಿನ ಎರಡನೆಯ ಸಲದ ಪಾವು ತೆಗೆದಾದ ಮೇಲೆ, ಭಟ್ಟಿಯಲ್ಲಿ ಕಾವು ಇನ್ನೂ ಇರುವಾಗ, ಅವಳು ಹೊಸ ಹಲಗೆ ಹಿಡಿದಳು. ಮಾಬ್ಲೇಶ್ವರ ಮಾದರಿಗೆ ಕೊಟ್ಟ ಗೋವೆಯ ರೊಟ್ಟಿ ನೋಡಿ ತಟ್ಟಿದ ನಾಲ್ಕು ರೊಟ್ಟಿ ಇದ್ದವು. ಹಲಗೆಯ ಮೇಲಿಟ್ಟಳು, ಒಳಗೆ ಚಾಚಿದಳು, ಅಲುಗಿಸಿದಳು. ರೊಟ್ಟಿ ಕದಲಲಿಲ್ಲ. ಜೋರಾಗಿ ಅಲುಗಿಸಿದಳು. ರೊಟ್ಟಿ ಮಡಚಿ, ತಲೆಕೆಳಗಾಗಿ, ಬೂದಿಯಲ್ಲಿ ಬಿತ್ತು. ಎರಡನೆಯದೂ ಹಾಗೇ. ಮೂರನೆಯದು ಅರ್ಧ ಒಳಗೆ, ಅರ್ಧ ಹಲಗೆಯ ಮೇಲೆ. ತಿಮ್ಮಿ ಅಂಗಡಿಯಿಂದ ಕತ್ತು ಚಾಚಿ ನೋಡಿ, "ಸಾವಿರದ ಒಂಬೈನೂರು!" ಎಂದಷ್ಟೇ ಹೇಳಿ ಕತ್ತು ಒಳಗೆಳೆದುಕೊಂಡಳು. ಚಂದನಾಗೆ ಅಳು ಬಂತು, ಆದರೆ ಅತ್ತೆಯ ಎದುರು ಅಳುವ ಹೆಣ್ಣಲ್ಲ ಅವಳು.

ಮೂಲೆಯ ಸ್ಟೂಲಿನಲ್ಲಿ ಕೂತು ಉಸಿರು ಎಳೆಯುತ್ತಿದ್ದ ಲಿಂಗಪ್ಪನಿಗೆ ಅವಳು ನಾಲ್ಕನೆಯದನ್ನೂ ಹಾಗೇ ಹಲಗೆಗೆ ಎತ್ತುವುದನ್ನು ನೋಡಿ ತಡೆಯಲಾಗಲಿಲ್ಲ. ಹಲಗೆ ಬೇಡವೆಂದವನೇ ಅವನು. ಆದರೆ ತಪ್ಪು ಕೆಲಸ ಕಣ್ಣೆದುರು ನಡೆದರೆ ಬೇಕರಿಯವನ ಜೀವ ಕೇಳಬೇಕಲ್ಲ.

"ಯೇ ಮಾರಾಯ್ತಿ, ಒದ್ದೆ ಹಿಟ್ಟು ಒಣ ಮರಕ್ಕೆ ಅಂಟದೇ ಇರ್ತದ? ರವೆ ಉದುರ್ಸು ಅಡಿಗೆ. ಮತ್ತೆ ತೋಳಲ್ಲಿ ಎಳೀಬೇಡ. ಮುಂದೆ ಹೋಗು, ನಿಲ್ಲು, ಸೊಂಟದಿಂದ ಹಿಂದೆ ಬಾ. ರೊಟ್ಟಿ ಅಲ್ಲೇ ಉಳೀತದೆ, ಹಲಗೆ ಮಾತ್ರ ಬತ್ತದೆ."

ಅವಳು ರವೆ ಉದುರಿಸಿದಳು. ಮುಂದೆ ಹೋದಳು, ನಿಂತಳು, ಸೊಂಟದಿಂದ ಹಿಂದೆ ಬಂದಳು. ರೊಟ್ಟಿ ಭಟ್ಟಿಯ ನೆಲದ ಮೇಲೆ ದುಂಡಗೆ ಕೂತಿತ್ತು. ನೋಡನೋಡುತ್ತಿದ್ದಂತೆ ಅಂಚು ಉಬ್ಬಿ ಮೇಲೆದ್ದಿತು.

"ಹಾಂ," ಎಂದ ಲಿಂಗಪ್ಪ. ಅದಕ್ಕಿಂತ ಹೆಚ್ಚು ಹೊಗಳಿದವನಲ್ಲ ಅವನು ಹುಟ್ಟಿದಾಗಿನಿಂದ.

ಆಮೇಲೆ ದಿನಾ ಮಧ್ಯಾಹ್ನ ಇದೇ ಪಾಠ. ಒಂದು ವಾರದಲ್ಲಿ ಅವಳು ರೊಟ್ಟಿಯನ್ನಷ್ಟೇ ಅಲ್ಲ, ಪಾವಿನ ತಗಡುಗಳನ್ನೂ ಹೊಸ ಹಲಗೆಯಲ್ಲೇ ಹಾಕಿ ತೆಗೆಯತೊಡಗಿದಳು. ಭಟ್ಟಿಯ ಕೊನೆಯ ಮೂಲೆಗೆ ಮಾತ್ರ ಹಿಡಿಕೆ ಮುಟ್ಟುತ್ತಿರಲಿಲ್ಲ. ಹದಿನೈದಕ್ಕೆ ನಿಂತಿದ್ದ ತಗಡು ಇಪ್ಪತ್ತೈದಕ್ಕೆ ಏರಿತು. ಲಿಂಗಪ್ಪ ಸ್ಟೂಲಿನಿಂದ ಏಳುವುದು ಕಡಿಮೆಯಾಗಿ ಅವನ ಕೆಮ್ಮೂ ತುಸು ಇಳಿಯಿತು.

ಅತ್ತ ಅಡುಗೆಮನೆಯಲ್ಲಿ ಅನ್ನ ಮುದ್ದೆಯಾಯಿತು, ಇಲ್ಲವೇ ಹಸಿಯಾಯಿತು. ಒಂದಿನ ಬೆಳಿಗ್ಗೆ ತಂದ ಬಂಗಡೆ ಹನ್ನೆರಡಾದರೂ ಕೊಯ್ಯದೆ ಉಳಿದು, ಬೆಕ್ಕು ಎರಡನ್ನು ಎತ್ತಿಕೊಂಡು ಹೋಯಿತು.

"ಬೆಕ್ಕಿಗಾದ್ರೂ ಹೊತ್ತಿಗೆ ಸರಿಯಾಗಿ ಊಟ ಸಿಕ್ತು ಈ ಮನೇಲಿ," ಎಂದಳು ತಿಮ್ಮಿ.

"ನಾ ಎರಡು ಕೈಯಲ್ಲಿ ಎಷ್ಟು ಮಾಡ್ಲಿ ಅತ್ತೆ?"

"ಅದನ್ನೇ ನಾನೂ ಕೇಳೂದು. ನಂಗೆ ಮಾತ್ರ ನಾಕು ಕೈ ಅದೆಯಾ?"

ನರೇಶ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ. ಸಂಜೆ ಅವಳು ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಬಂದ.

"ಬಿಟ್ಟುಬಿಡು ಚಂದನಾ. ತಾರಿ ಕಟ್ಟೆಲಿ ಎಂತ ಹೇಳ್ತ್ರು ಗೊತ್ತದೆಯಾ? ಹೆಂಡ್ತಿ ಬೆಂಕಿ ಮುಂದೆ ಬೇಯ್ತದೆ, ಗಂಡ ಕೂತು ಪಾವು ತಿಂತಾನೆ ಅಂತ್ರು."

"ಭಟ್ಟಿ ಹೊನ್ನಾವರದವರಿಗೆ ಕೊಟ್ಟು, ನೀವು ಅವರ ಗಲ್ಲೆ ಮೇಲೆ ಕೂತ್ರೆ ಆಡ್ಕಳೂದಿಲ್ವ ಅವ್ರು?"

"ಅದು ಸಂಬ್ಳದ ಕೆಲಸ."

"ಇದು ನಮ್ಮನೆ ಕೆಲಸ. ಐದು ವರ್ಷ ಕೊಟ್ರೆ ಮತ್ತೆ ಕೈಗೆ ಬತ್ತದೆ ಅಂತ ಮಾಡಿದ್ರಾ? ಅಷ್ಟೊತ್ತಿಗೆ ಮಾವನಿಗೂ ಆಗೂದಿಲ್ಲ, ನಂಗೂ ಮರ್ತೋಗಿರ್ತದೆ." ಅವಳು ಬಟ್ಟೆ ತೆಗೆಯುವುದನ್ನು ನಿಲ್ಲಿಸಿದಳು. "ನಂಗೆ ಆ ಕೆಲಸ ಬೇಕು ಮಾರಾಯ್ರೆ. ನಿಮ್ಮ ಕೈಗೆ ಹಿಂಗಾತು ಅಂತ ಮಾಡೂದಲ್ಲ. ನಂಗೆ ಬೇಕು."

ಒಂಬತ್ತು ವರ್ಷದಲ್ಲಿ ಅವಳು ಏನನ್ನಾದರೂ ತನಗೆ ಬೇಕು ಎಂದದ್ದು ಅದೇ ಮೊದಲು. ನರೇಶ ಹಗ್ಗದ ಮೇಲಿನ ಮಗಳ ಲಂಗವನ್ನು ಎಡಗೈಯಲ್ಲಿ ಎಳೆದು ಕೊಟ್ಟ.

ಹನ್ನೊಂದನೆಯ ದಿನಕ್ಕೆ ಮಾಬ್ಲೇಶ್ವರ ರುಚಿ ನೋಡಲು ಬರುವುದಾಗಿ ಹೇಳಿ ಕಳಿಸಿದ. ಅವನು ಒಪ್ಪಿದರೆ ದಿನಕ್ಕೆ ನಲವತ್ತು ರೊಟ್ಟಿ, ಇಪ್ಪತ್ತು ಉಂಡೆ ಬ್ರೆಡ್ಡು, ಶಿವರಾತ್ರಿವರೆಗೆ. ಹಲಗೆಯ ದುಡ್ಡು ಹದಿನೈದು ದಿನದಲ್ಲಿ ಎದ್ದು ಬರುತ್ತದೆ. ಒಪ್ಪದಿದ್ದರೆ ಹಲಗೆಯೂ ಹೋಯಿತು, ಭಟ್ಟಿಯೂ ಹೋಯಿತು. ಇದು ಎಲ್ಲರಿಗೂ ಗೊತ್ತಿತ್ತು.

ಆ ದಿನ ಚಂದನಾ ಬೇಗ ಎದ್ದು, ಮಿಂದು, ಹಿಟ್ಟು ನಾದಿ, ರವೆ ಉದುರಿಸಿ, ಎಂಟು ರೊಟ್ಟಿ ಜಾರಿಸಿದಳು. ಒಂದೂ ಮಡಚಲಿಲ್ಲ. ಭಟ್ಟಿ ಬಳಿ ಏನೋ ಒಂಥರಾ ವಾಸನೆ ಅನ್ನಿಸಿತು. ಪಕ್ಕದ ಕಟ್ಟೆಗೆ ಮೀನಿನ ದೋಣಿ ಬಂದಿರಬೇಕೆಂದು ಸುಮ್ಮನಾದಳು. ಆ ಊರಿನಲ್ಲಿ ಮೀನಿನ ವಾಸನೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮಾಬ್ಲೇಶ್ವರ ಬಂದ. ಕೆಂಪು ಅಂಚಿನ ದುಂಡನೆ ರೊಟ್ಟಿ ನೋಡಿ ಮುಖ ಅರಳಿಸಿದ. ಮುರಿದ, ಬಾಯಿಗಿಟ್ಟ, ಅಗಿದ. ಅಗಿಯುವುದು ನಿಧಾನವಾಯಿತು.

"ತಂಗಿ, ಇದ್ಕೆ ತಾರ್ಲೆ ಹಾಕಿದ್ಯಾ?"

"ಎಂತ?"

"ತಾರ್ಲೆ ಮೀನು. ಫಾರಿನ್ನವರು ಮೀನಿನ ಪಿಜ್ಜಾ ತಿಂತ್ರು, ಇಲ್ಲ ಅನ್ನೂದಿಲ್ಲ. ಆದ್ರೆ ಮೀನೇ ಇಲ್ದೆ ಬರೀ ವಾಸನೆ ಕೊಟ್ರೆ ದುಡ್ಡು ಕೊಡ್ತ್ರ?"

ಚಂದನಾ ಒಂದು ಚೂರು ಬಾಯಿಗಿಟ್ಟಳು. ದೋಣಿಗೆ ಬಳಿಯುವ ತಾರ್ಲೆ ಎಣ್ಣೆ! ಓಡಿಹೋಗಿ ಹಲಗೆ ಮೂಸಿದಳು. ಮೇಲಿನ ರವೆ ಒರೆಸಿ ನೋಡಿದರೆ ಮರವೆಲ್ಲ ಹೊಳೆಯುತ್ತಿತ್ತು. ಯಾರೋ ಬಟ್ಟೆಯಲ್ಲಿ ಚೆನ್ನಾಗಿ ತಿಕ್ಕಿ ತಿಕ್ಕಿ ಎಣ್ಣೆ ಕುಡಿಸಿದ್ದರು.

"ನೋಡ್ವ, ಆಮೇಲೆ ನೋಡ್ವ," ಎನ್ನುತ್ತ ಮಾಬ್ಲೇಶ್ವರ ತಾರಿ ಹಿಡಿಯಲು ಎದ್ದ.

ಅವನು ಮೆಟ್ಟಿಲು ಇಳಿಯುವುದನ್ನೂ ಕಾಯಲಿಲ್ಲ ಚಂದನಾ. "ಅತ್ತೆ!" ಎಂದು ಕೂಗಿದಳು. ಮನೆ ಅಲುಗಿತು. "ಇದ್ಕೆ ಎಣ್ಣೆ ಹಾಕಿದ್ದು ನೀವಾ?"

"ನಿನ್ನೆ ಹಾಕ್ದೆ. ಎಂತಾತು?" ಎಂದಳು ತಿಮ್ಮಿ, ಪಾವು ಎಣಿಸುತ್ತ.

"ಎಂತಾತಾ? ಎಲ್ಲಾ ಆತು! ನಿಮಗೆ ಬೇಕಾಗಿದ್ದು ಆತು! ಬೇಡ ಅಂದ್ರೆ ಬೇಡ ಅಂತ ಎದುರಿಗೆ ಹೇಳ್ಬೇಕಿತ್ತು. ಹನ್ನೊಂದು ದಿನ ನಾನು ಸುಟ್ಕಂಡು ಕಲ್ತದ್ದು ಒಂದು ಕೈ ಎಣ್ಣೆಲಿ ತೊಳ್ದು ಹಾಕಿದ್ರಿ! ನಾನು ನಿಮಗೆಂತ ಮಾಡಿದ್ದೆ?"

ಈ ಮನೆಯಲ್ಲಿ ಸೊಸೆಯ ಗಂಟಲು ಇಷ್ಟು ಮೇಲೆ ಹೋದದ್ದಿರಲಿಲ್ಲ. ದಿವ್ಯಶ್ರೀ ಅಜ್ಜನ ಬೆನ್ನ ಹಿಂದೆ ಅಡಗಿದಳು. ತಿಮ್ಮಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಹಾಳು ಮಾಡೂಕೆ ಹಾಕಿದ್ದು ಅಂತ ತಿಳ್ಕಂಡ್ಯಾ?" ಎಂದಳು. "ತಿಳ್ಕ, ಹಂಗೇ ತಿಳ್ಕ. ನಾ ದೋಣಿ ಮನೇಲಿ ಹುಟ್ಟಿ, ದೋಣಿ ಮನೆಗೆ ಬಂದವಳು. ಹೊಸ ಮರ ಮನೆಗೆ ಬಂದ್ರೆ ಒಣಗಿ ಸೀಳದ ಹಂಗೆ ತಾರ್ಲೆ ಎಣ್ಣೆ ಕುಡ್ಸೂದು ನಮ್ಮ ಕ್ರಮ. ನನ್ನ ಆಯಿ ಹಂಗೇ ಮಾಡೂದು, ನಾನೂ ಹಂಗೇ ಮಾಡ್ದೆ. ಆ ಒಂದು ಬಾಟ್ಲಿ ಎಣ್ಣೆಗೆ ದೋಣಿ ಕಟ್ಟೂ ಜಟ್ಟಿ ಮನೆವರೆಗೆ ಈ ಮಂಡಿಲಿ ನಡ್ಕಂಡು ಹೋಗಿದ್ದೆ."

"ಯಾರು ಹಾಕು ಅಂದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ! ವಾಪಸ್ ಕೊಡೂ ಮರಕ್ಕೆ ಯಾರಾದ್ರೂ ಎಣ್ಣೆ ಹಾಕ್ತ್ರೇನೇ, ಹೇಳು ನೋಡ್ವ? ನಾ ಅಷ್ಟು ದಡ್ಡಿಯಾ?"

ಚಂದನಾ ಹಲಗೆಯನ್ನು ಇನ್ನೊಮ್ಮೆ ನೋಡಿದಳು. ಮಾತು ಒಳಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. ವಾಪಸ್ ಕೊಡುವ ಮರಕ್ಕೆ ಯಾರು ಎಣ್ಣೆ ಹಾಕುತ್ತಾರೆ? ಅಂದರೆ ಬೆಕ್ಕಿನ ಮಾತು, ಬಂಗಡೆಯ ಮಾತು, ಸಾವಿರದ ಒಂಬೈನೂರರ ಮಾತು ಎಲ್ಲ ಆಡುತ್ತ ಆಡುತ್ತಲೇ ಈ ಮುದುಕಿ ಹಲಗೆ ಮನೆಯಲ್ಲಿ ಉಳಿಯುತ್ತದೆಂದು ಒಳಗೊಳಗೆ ಒಪ್ಪಿಕೊಂಡುಬಿಟ್ಟಿದ್ದಾಳೆ. ಚಂದನಾಗೆ ಈಗ ಅಳು ತಡೆಯಲಾಗಲಿಲ್ಲ. ಅತ್ತೆಯ ಎದುರೇ ಗಳಗಳ ಅತ್ತಳು.

"ಅತ್ರೆ ವಾಸನೆ ಹೋತದೆಯಾ? ಹುಣಸೆಹಣ್ಣು ತಾ," ಎಂದಳು ತಿಮ್ಮಿ, ತಾನೂ ಮೂಗು ಒರೆಸಿಕೊಳ್ಳುತ್ತ.

ಮೂಲೆಯಿಂದ ಲಿಂಗಪ್ಪನ ನಗು ಕೇಳಿತು. ನಕ್ಕು ನಕ್ಕು ಕೆಮ್ಮಿದ. "ಹುಟ್ಟಿಗೂ ಇವಳೇ ಹಾಕಿದ್ದು ಆವಾಗ. ಒಂದು ತಿಂಗ್ಳು ಪಾವೆಲ್ಲ ತಾರ್ಲೆ ವಾಸನೆ. ತಿನ್ನೋರೆಲ್ಲ ಮೀನಿನವರೇ, ಯಾರಿಗೆ ಗೊತ್ತಾಗ್ಬೇಕು? ಒಬ್ರೂ ಚಕಾರ ಎತ್ಲಿಲ್ಲ!"

"ಮತ್ತೆ ನಿನ್ನೆ ನಾ ಹಾಕೂವಾಗ ಸುಮ್ನೆ ನೋಡ್ತ ಕೂತಿದ್ರಲ್ಲ, ಹೇಳೂಕೆ ಬಾಯಿ ಇರ್ಲಿಲ್ವ?" ಎಂದು ತಿಮ್ಮಿ ಗಂಡನ ಮೇಲೆ ತಿರುಗಿದಳು. ಲಿಂಗಪ್ಪನಿಗೆ ಕೂಡಲೇ ಮತ್ತೆ ಕೆಮ್ಮು ಬಂತು.

ಅವತ್ತಿಂದ ಮೂರು ದಿನ ಹಲಗೆಗೆ ನಡೆದ ಸೇವೆ ಗರ್ಭಿಣಿಗೂ ನಡೆಯದು. ಹುಣಸೆಹಣ್ಣು ತಿಕ್ಕಿದರು. ಬೂದಿ ತಿಕ್ಕಿದರು. ಸೀಗೆಪುಡಿ ಹಾಕಿ ಬಿಸಿನೀರು ಹೊಯ್ದರು. ಬಿಸಿಲಿಗಿಟ್ಟರು. ಕೊನೆಗೆ ನರೇಶ ಅದನ್ನು ಎಡ ಹೆಗಲಿಗೆ ಹಾಕಿಕೊಂಡು ದೋಣಿ ಕಟ್ಟುವ ಜಟ್ಟಿಯ ಬಳಿಗೆ ಹೊರಟ. ತಾರಿ ಕಟ್ಟೆಯಲ್ಲಿ ಕೂತವರು, "ಎಂತ ನರೇಶ, ಹೆಂಡ್ತಿ ಹಲಗೆ ಹೊತ್ತು ಹೊಂಟ್ಯಾ?" ಎಂದು ಕೇಳಿದರಂತೆ. "ಹೌದು, ಹೆಂಡ್ತಿದೇ," ಎಂದನಂತೆ ಇವನು. ಜಟ್ಟಿ ಮೇಲೆ ಕೆಳಗೆ ಉಜ್ಜುಗೊರಡು ಆಡಿಸಿ, ಕೂದಲೆಳೆಯಷ್ಟು ಮರ ತೆಗೆದು ಕೊಟ್ಟ. ತುದಿ ಮೊದಲಿಗಿಂತ ಇನ್ನೂ ತೆಳುವಾಯಿತು.

ನರೇಶ ಬರುವಾಗ ಕಟ್ಟೆಯಿಂದ ಒಂದು ಕುಡ್ತೆ ಅಳತೆ ಸಿಗಡಿಯನ್ನೂ ತಂದಿದ್ದ. ತಂದದ್ದಷ್ಟೇ ಅಲ್ಲ, ಹಿತ್ತಲಲ್ಲಿ ಕೂತು, ಬಲಗೈಯಲ್ಲಿ ಒತ್ತಿ ಹಿಡಿದು ಎಡಗೈಯಲ್ಲಿ ಸಿಪ್ಪೆ ಬಿಡಿಸತೊಡಗಿದ. "ಸಿಗಡಿಗೆ ಎಷ್ಟು ಭಾರ ಅದೆ? ಡಾಕ್ಟ್ರು ಇದನ್ನ ಬೇಡ ಅನ್ಲಿಲ್ಲ," ಎಂದ. ದಿವ್ಯಶ್ರೀ ಓಡಿ ಬಂದು, "ಅಪ್ಪ ತಲೆ ಇಟ್ಟು ಮೈ ಬಿಸಾಡ್ತಾನೆ!" ಎಂದು ಇಡೀ ಮನೆಗೆ ಸಾರಿದಳು. ತಿಮ್ಮಿ ಅವನ ಪಕ್ಕ ಮಣೆ ಹಾಕಿಕೊಂಡು ಕೂತು, ಹೇಗೆ ಬಿಡಿಸಬೇಕೆಂದು ತೋರಿಸಿದಳು. ಮರುದಿನದಿಂದ ಬೆಳಗಿನ ಅನ್ನ ಬಸಿಯುವುದೂ, ಅಂಗಡಿಯ ಮೊದಲ ಸರದಿಯೂ ಅವನ ಪಾಲಿಗೆ ಬಂದವು. ಅನ್ನ ಆಗಲೂ ಮುದ್ದೆಯೇ ಆಗುತ್ತಿತ್ತು. ಬೈಯಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ಹದಿನಾಲ್ಕನೆಯ ದಿನ ಚಂದನಾ ಹೊಸದಾಗಿ ಆರು ರೊಟ್ಟಿ, ಎರಡು ಬ್ರೆಡ್ಡು ಬೇಯಿಸಿ, ತಾನೇ ಬಟ್ಟೆಯಲ್ಲಿ ಕಟ್ಟಿಕೊಂಡು ತಾರಿ ದಾಟಿದಳು. ತದಡಿಯಿಂದ ಬಸ್ಸು ಹತ್ತಿ, ಗೋಕರ್ಣಕ್ಕೆ ಹೋಗಿ, ಗುಡ್ಡ ಹತ್ತಿಳಿದು ಮಾಬ್ಲೇಶ್ವರನ ಚಪ್ಪರದ ಮುಂದೆ ನಿಂತಳು. ಅವನು ಮೊದಲು ಮೂಸಿದ. ಆಮೇಲೆ ಮುರಿದ. ಪಕ್ಕದ ಮೇಜಿನಲ್ಲಿ ಕೂತಿದ್ದ ಒಬ್ಬ ಬಿಳಿ ಹೆಂಗಸಿಗೂ ಒಂದು ಚೂರು ಕೊಟ್ಟ. ಆ ಹೆಂಗಸು ಏನೋ ಹೇಳಿ, ಇನ್ನೊಂದು ಚೂರಿಗೆ ಕೈ ಚಾಚಿದಳು.

"ಸೋಮವಾರದಿಂದ ಕಳ್ಸು," ಎಂದ ಮಾಬ್ಲೇಶ್ವರ. "ಮೊದ್ಲು ಇಪ್ಪತ್ತು. ಸರಿ ಬಂದ್ರೆ ನಲವತ್ತು."

ನಲವತ್ತು ಎಂದವನು ಇಪ್ಪತ್ತಕ್ಕೆ ಇಳಿದಿದ್ದ. ಹಲಗೆಯ ದುಡ್ಡು ಏಳಲು ಈಗ ತಿಂಗಳಾಗಬಹುದು. ಆದರೂ ವಾಪಸ್ ತಾರಿಯಲ್ಲಿ ಬರುವಾಗ ಚಂದನಾಗೆ ಖುಷಿಯೋ ಖುಷಿ.

ಹದಿನೈದನೆಯ ದಿನ ಮೂರು ಗಂಟೆಗೆ ಭಾಸ್ಕರನ ವ್ಯಾನು ಬಂತು. ಆಗ ಭಟ್ಟಿ ತುಂಬ ಪಾವು. ಚಂದನಾ ಹಲಗೆ ಹಿಡಿದು ಭಟ್ಟಿ ಬಾಯಲ್ಲಿ ನಿಂತಿದ್ದಳು, ಬಿಟ್ಟು ಬರುವಂತಿಲ್ಲ. ಹೊರಗಿನ ಮಾತು ಅಲ್ಲಿಗೇ ಕೇಳುತ್ತಿತ್ತು.

"ಎಂತ ಅಮ್ಮ, ಹಲಗೆ ಕೊಡ್ತ್ರೋ, ದುಡ್ಡು ಕೊಡ್ತ್ರೋ?"

"ದುಡ್ಡೇ ಕೊಡ್ತೆ. ಸಾವಿರದ ನಾನೂರು."

"ಅಯ್ಯೋ, ಸಾವಿರದ ಒಂಬೈನೂರು ಅಂದಿದ್ದೆ ಅಲ್ದಾ!"

"ಅದು ಹೊಸ ಹಲಗೆಗೆ. ಇದು ಹದಿನೈದು ದಿನ ಬೆಂಕಿಲಿ ಬೆಂದದ್ದು, ಎಣ್ಣೆ ಕುಡ್ದದ್ದು, ಉಜ್ಜುಗೊರಡು ಹೊಡ್ಸ್ಕಂಡದ್ದು. ಹಳೇ ಮರಕ್ಕೆ ಹೊಸ ಮರದ ದರ ಯಾವ ಊರಲ್ಲಿ ಅದೆ?"

"ಹಳೇದು ಮಾಡಿದ್ದು ನೀವೇ ಅಲ್ವ ಅಮ್ಮ!"

"ಮತ್ತೆ? ನಾ ಮಾಡಿದ್ದಕ್ಕೇ ನಂಗೆ ಗೊತ್ತು ಎಷ್ಟು ಹಳೇದು ಅಂತ."

ಇಪ್ಪತ್ತು ವರ್ಷ ಕುಮಟೆಯ ಸಂತೆಯಲ್ಲಿ ಮೀನು ಮಾರಿದ ತಿಮ್ಮಿಯ ಬಾಯಿ ಅದು. ಭಾಸ್ಕರ ಸಾವಿರದ ಏಳುನೂರಕ್ಕೆ ಬಂದು ಬೆವರು ಒರೆಸಿಕೊಂಡ. ಆಮೇಲೆ ದನಿ ತಗ್ಗಿಸಿ ನರೇಶನನ್ನು ಕೇಳಿದ. "ಹೊನ್ನಾವರದವರಿಗೆ ಎಂತ ಹೇಳ್ಲಿ? ಕಾಗದ ತಂದಿದ್ದೆ. ಬರೋ ತಿಂಗ್ಳಿಂದ ಬಾಡಿಗೆ."

 ಚಂದನಾಳ ಕೈ ಹಿಡಿಕೆಯ ಮೇಲೇ ಉಳಿಯಿತು. ಅವಳು ಇಷ್ಟು ದಿನ ಗಂಡನ ಬಾಯಿಂದ ಹೌದು ಎಂದೂ ಕೇಳಿರಲಿಲ್ಲ, ಇಲ್ಲ ಎಂದೂ ಕೇಳಿರಲಿಲ್ಲ.

"ಭಟ್ಟಿ ನಂದಲ್ಲ ಈಗ," ಎಂದ ನರೇಶ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. "ಚಂದನಾ ಒಳಗೆ ಅದೆ ನೋಡು, ಅವಳನ್ನ ಕೇಳು. ಕೊಡೂದಿಲ್ಲ ಅಂತದೆ, ನಂಗೆ ಗೊತ್ತದೆ. ಆದ್ರೂ ಕೇಳು. ಅವಳ ಬಾಯಲ್ಲೇ ಕೇಳ್ಕಂಡು ಹೋಗಿ ಹೇಳು."

ಭಾಸ್ಕರ ಬಾಗಿಲಿಗೆ ಬಂದು, "ಅಕ್ಕ," ಎಂದ.

"ಕೊಡೂದಿಲ್ಲ," ಎಂದಳು ಚಂದನಾ. ದನಿ ತಾನಂದುಕೊಂಡಷ್ಟು ಗಟ್ಟಿ ಬರಲಿಲ್ಲ. ಇನ್ನೊಮ್ಮೆ ಹೇಳಿದಳು. "ಕೊಡೂದಿಲ್ಲ ಅಂತ ಹೇಳಿ ಅವರಿಗೆ. ಮತ್ತೆ ಮುಂದಿನ ಸಲ ಬರೂವಾಗ ಇದ್ಕಿಂತ ಎರಡಡಿ ಉದ್ದದ್ದೊಂದು ಸಿಕ್ತದೆಯಾ ನೋಡಿ. ಕೊನೆ ಮೂಲೆಗೆ ಮುಟ್ಟೂದಿಲ್ಲ ಇದು."

"ಯೇ, ಪಾವು!" ಎಂದು ಲಿಂಗಪ್ಪ ಸ್ಟೂಲಿನಿಂದ ಅರಚಿದ.

ಅವಳು ಹೌಹಾರಿ ಹಲಗೆ ತೂರಿಸಿದಳು. ಮುಂದಿನ ಎರಡು ತಗಡು ಬಚಾವಾದವು. ಹಿಂದಿನ ಒಂದು ತಗಡಿನ ಪಾವುಗಳ ನೆತ್ತಿ ಕಾಡಿಗೆಯಂತೆ ಕಪ್ಪಾಗಿತ್ತು. ಚಂದನಾ ಅದನ್ನು ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಾವನ ಕಡೆ ನೋಡಲಾರದೆ ನಿಂತಳು. ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಲಿಂಗಪ್ಪ ಎದ್ದು ಬಂದ. ಕಪ್ಪಾದ ಒಂದು ಪಾವು ಎತ್ತಿ, ತಿರುಗಿಸಿ ನೋಡಿ, ನೆತ್ತಿಯನ್ನು ಉಗುರಿನಿಂದ ಕೆರೆದು, ತನ್ನ ಚಹದ ಲೋಟಕ್ಕೆ ಅದ್ದಿ ಬಾಯಿಗಿಟ್ಟ. ಪೂರ್ತಿ ತಿಂದ.

"ಆತು," ಎಂದ. "ನಾಳೆ ಸುಡಬೇಡ."

"ಇಲ್ಲ ಮಾವ," ಎಂದು ಚಂದನಾ ಮುಂದಿನ ತಗಡಿಗೆ ಕೈ ಹಾಕಿದಳು.